ಮೋಟಾರು ಕಾರಿನ ಗಾಳಿಯಳತೆಯ ಸೆನ್ಸರು: ಅದರ ದೋಷವನ್ನು ಕಂಡುಹಿಡಿಯುವ ಕ್ರಮ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.)

ಬೆಳೆಯ ಎಲೆಯು ಹಳದಿಯಾದುದನ್ನು ಕಂಡ ಮಾತ್ರಕ್ಕೆ ಗೊಬ್ಬರದ ಅಂಗಡಿಗೆ ಹೊರಡುವ ರೈತನಿಗೆ ನಮ್ಮ ಇಲಾಖೆಯವರು ಹೇಳುವ ಮಾತು ಒಂದೇ: ಮೊದಲು ಬೇರನ್ನು ನೋಡಬೇಕು. ಸಾರಜನಕದ ಕೊರತೆಯಿಂದ ಎಲೆಯು ಹಳದಿಯಾಗಬಹುದು. ಗದ್ದೆಯಲ್ಲಿ ನೀರು ನಿಂತು ಬೇರು ಉಸಿರಾಡಲಾರದೆಯೂ ಆಗಬಹುದು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಗಿಡಕ್ಕೆ ದಕ್ಕದೆಯೂ ಆಗಬಹುದು. ಲಕ್ಷಣ ಒಂದೇ ಆದರೂ ಕಾರಣಗಳು ಹಲವು. ಈ ನ್ಯಾಯವು ಮೋಟಾರಿನ ಎಂಜಿನಿಗೂ ಸಲ್ಲತಕ್ಕದ್ದೆಂಬುದನ್ನು ಅನುಭವದಿಂದ ತಿಳಿದುಕೊಂಡ ಒಂದು ಪ್ರಸಂಗವನ್ನು ವಾಚಕರ ಮುಂದೆ ಇಡುತ್ತೇನೆ. ಈಗ ಅನೇಕ ರೈತ ಕುಟುಂಬಗಳಲ್ಲಿ ಕಾರು ಇರುವುದರಿಂದಲೂ, ಅದರ ರಿಪೇರಿಯ ಖರ್ಚು ಒಂದು ಬೆಳೆಯ ಲಾಭವನ್ನೇ ನುಂಗಿಬಿಡುವುದುಂಟಾದುದರಿಂದಲೂ, ಈ ವಿಷಯವು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಗ್ರಾಮದಲ್ಲಿ ಸೇವಂತಿಗೆ ಬೆಳೆಯುವ ಗೌಡರೊಬ್ಬರು ಒಂದೂವರೆ ಲೀಟರಿನ ಎಂಜಿನುಳ್ಳ ಹಳೆಯ ಪೆಟ್ರೋಲು ಕಾರನ್ನು ಕೊಂಡು, ಹಿಂದಿನ ಸೀಟನ್ನು ಮಡಿಸಿ, ಹೂವಿನ ಮೂಟೆಗಳನ್ನು ಬೆಳಗಿನ ಜಾವದ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಕೆಲವು ಕಾಲದ ಮೇಲೆ ಕಾರು ಏರಿನಲ್ಲಿ ಮುಗ್ಗರಿಸಲಾರಂಭಿಸಿತು. ಕಾಲಿನಿಂದ ಎಷ್ಟು ಒತ್ತಿದರೂ ವೇಗ ಬರುತ್ತಿರಲಿಲ್ಲ. ಒಂದೆರಡು ಸಲ ದಾರಿಯಲ್ಲಿಯೇ ನಿಂತುಹೋಯಿತು. ಬಿಸಿಲೇರಿದ ಮೇಲೆ ತಲುಪಿದ ಹೂವನ್ನು ಕೇಳುವವರಿಲ್ಲ. ಒಂದು ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಾಯಿಸಿದರು. ಮತ್ತೊಂದರಲ್ಲಿ ಪೆಟ್ರೋಲು ಪಂಪನ್ನೇ ಬದಲಾಯಿಸಿದರು. ಮೂರನೆಯ ಕಡೆ “ಏರ್ ಫ್ಲೋ ಸೆನ್ಸರು ಹೋಗಿದೆ, ಹೊಸದನ್ನು ತರಿಸಬೇಕು” ಎಂದರು. ಹೂವಿನ ನುಸಿಗೆ ಔಷಧಿ ಕೇಳಲು ಬಂದಿದ್ದ ಗೌಡರು ಮಾತಿನ ನಡುವೆ ಇದನ್ನೆಲ್ಲ ಹೇಳಿ, “ಈ ಸಲ ಮನೆಯವಳ ಓಲೆಯನ್ನು ಅಡವಿಡಬೇಕಾಗಿದೆ, ಸ್ವಾಮಿ” ಎಂದು ಮುಖ ತಗ್ಗಿಸಿದರು. “ಗೌಡರೆ, ಅಳೆದು ನೋಡದೆ ಏನನ್ನೂ ಕೊಳ್ಳಬೇಡಿ, ಭಾನುವಾರ ಬರುತ್ತೇನೆ” ಎಂದು ಹೇಳಿ ಕಳುಹಿಸಿದೆನು.

ಸೆನ್ಸರಿನ ಕೆಲಸ

ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥೆನಾಲ್ ಬೆರೆತ ಪೆಟ್ರೋಲಿಗೆ ಇದಕ್ಕಿಂತ ಕೊಂಚ ಕಡಮೆ ಸಾಕು. ಹಿಂದಿನ ಕಾರುಗಳಲ್ಲಿ ಈ ಪ್ರಮಾಣವನ್ನು ಕಾರ್ಬುರೇಟರು ಅಂದಾಜಿನಿಂದ ನಡೆಸುತ್ತಿದ್ದಿತು. ಈಗಿನ ಎಂಜಿನುಗಳಲ್ಲಿ ಒಳಗೆ ಹೋಗುವ ಗಾಳಿಯನ್ನು ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಸಿಂಪಡಿಸುವಂತೆ ಒಂದು ಗಣಕವು ಇಂಜೆಕ್ಟರುಗಳಿಗೆ ಆಜ್ಞೆ ಮಾಡುತ್ತದೆ. ಆ ಗಾಳಿಯನ್ನು ತೂಕದಲ್ಲಿ ಅಳೆಯುವುದೇ ಈ ಸೆನ್ಸರಿನ ಕೆಲಸ. ಮೆಕ್ಯಾನಿಕ್ಕುಗಳು ಇದನ್ನು ಮ್ಯಾಫ್ ಸೆನ್ಸರು ಎಂದೂ ಕರೆಯುವರು.

ಇದು ಏರ್ ಫಿಲ್ಟರಿನ ಪೆಟ್ಟಿಗೆಗೂ ಎಂಜಿನಿಗೂ ನಡುವಣ ಕೊಳವೆಯಲ್ಲಿರುತ್ತದೆ. ಇದರೊಳಗೆ ಕೂದಲಿನಂತಹ ತಂತಿಯನ್ನಾಗಲಿ ತೆಳುವಾದ ಲೋಹದ ಪೊರೆಯನ್ನಾಗಲಿ ವಿದ್ಯುತ್ತಿನಿಂದ ಕಾಯಿಸಿಟ್ಟಿರುವರು. ಬಿಸಿ ಕಾಫಿಯ ಮೇಲೆ ಊದಿದರೆ ಅದು ಆರುವಂತೆ, ಹಾಯುವ ಗಾಳಿಯು ಆ ತಂತಿಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿ ಹೆಚ್ಚಿದಷ್ಟೂ ತಂತಿಯ ಬಿಸಿಯನ್ನು ಕಾಪಾಡಲು ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. ಆ ವಿದ್ಯುತ್ತಿನಿಂದಲೇ ಗಾಳಿಯ ತೂಕವು ತಿಳಿಯುತ್ತದೆ. ತಂತಿಯ ಮೇಲೆ ಧೂಳು ಅಥವಾ ಎಣ್ಣೆಯ ಪೊರೆ ಕೂತರೆ ಅದು ಕಂಬಳಿ ಹೊದಿಸಿದಂತಾಗಿ, ಗಾಳಿಯು ರಭಸವಾಗಿ ಹಾಯ್ದರೂ ಬಿಸಿ ಬೇಗನೆ ಆರುವುದಿಲ್ಲ. ಆಗ ಸೆನ್ಸರು ಇರುವ ಗಾಳಿಗಿಂತ ಕಡಮೆ ಗಾಳಿಯನ್ನು ಲೆಕ್ಕ ಹೇಳುತ್ತದೆ. ಗಣಕವು ಪೆಟ್ರೋಲನ್ನು ಕಡಮೆ ಮಾಡುತ್ತದೆ. ಎಂಜಿನು ಹಸಿದ ಎತ್ತಿನಂತೆ ಏರಿನಲ್ಲಿ ಸೋಲುತ್ತದೆ.

ಗಣಕಕ್ಕೆ ಮತ್ತೊಂದು ಸಾಕ್ಷಿಯೂ ಉಂಟು. ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರು, ಉರಿದ ಮೇಲೆ ಗಾಳಿ ಮಿಕ್ಕಿತೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ. ಗಾಳಿಯು ಮಿಕ್ಕಿದ್ದರೆ ಗಣಕವು ಪೆಟ್ರೋಲನ್ನು ಶೇಕಡ ಇಂತಿಷ್ಟು ಹೆಚ್ಚಿಸುತ್ತದೆ. ಈ ಹೆಚ್ಚು ಕಡಮೆಗೆ ಫ್ಯೂಯಲ್ ಟ್ರಿಮ್ ಎಂದು ಹೆಸರು. ಇಲ್ಲಿ ಇದನ್ನು “ತಿದ್ದುಪಡಿ” ಎಂದು ಕರೆಯುತ್ತೇನೆ. ನಮ್ಮ ಪರೀಕ್ಷೆಗೆ ಇದೇ ಮುಖ್ಯವಾದ ಆಧಾರ.

ಒಂದೇ ಲಕ್ಷಣಕ್ಕೆ ಮೂರು ಕಾರಣಗಳು

ಗೌಡರ ಕಾರಿನಲ್ಲಿ ಎಚ್ಚರಿಕೆಯ ದೀಪ ಹತ್ತಿದ್ದಿತು. ಸ್ಟೀರಿಂಗಿನ ಕೆಳಗಿರುವ 16 ಸೂಜಿಗಳ ಸಾಕೆಟ್ಟಿಗೆ ಓದುವ ಸಾಧನವನ್ನು ಸಿಕ್ಕಿಸಿದಾಗ ಪಿ 0171 ಎಂಬ ಸಂಖ್ಯೆ ಕಾಣಿಸಿತು. ಇದರ ಅರ್ಥವು “ಮಿಶ್ರಣದಲ್ಲಿ ಪೆಟ್ರೋಲು ಸಾಲದು” ಎಂದಷ್ಟೇ ಹೊರತು “ಸೆನ್ಸರು ಕೆಟ್ಟಿದೆ” ಎಂದಲ್ಲ. ಪಿ 0100 ರಿಂದ ಪಿ 0103 ರ ವರೆಗಿನ ಸಂಖ್ಯೆಗಳು ಈ ಸೆನ್ಸರಿಗೆ ಸಂಬಂಧಿಸಿದವಾದರೂ, ಅವು ತಂತಿಯ ಜೋಡಣೆ ಸಡಿಲವಾದರೂ ಬರಬಹುದು. ಸಂಖ್ಯೆಯು ಹಳದಿ ಎಲೆಯಿದ್ದಂತೆ. ಅದು ಲಕ್ಷಣವೇ ಹೊರತು ಕಾರಣವಲ್ಲ.

ಪೆಟ್ರೋಲು ಸಾಲದಾಗಲು ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು, ಸೆನ್ಸರು ಗಾಳಿಯನ್ನು ಕಡಮೆಯಾಗಿ ಅಳೆಯುವುದು. ಎರಡನೆಯದು, ಸೆನ್ಸರನ್ನು ದಾಟಿದ ಮೇಲೆ ಕೊಳವೆಯ ಬಿರುಕಿನಿಂದ ಲೆಕ್ಕಕ್ಕೆ ಸಿಕ್ಕದ ಗಾಳಿ ಒಳನುಗ್ಗುವುದು. ಮೂರನೆಯದು, ಪಂಪು, ಪೆಟ್ರೋಲಿನ ಫಿಲ್ಟರು, ಇಂಜೆಕ್ಟರು ಇವುಗಳ ದೋಷದಿಂದ ಪೆಟ್ರೋಲೇ ಸಾಕಷ್ಟು ಬಾರದಿರುವುದು. ಇವನ್ನು ಬೇರ್ಪಡಿಸುವ ಕ್ರಮ ಹೀಗಿದೆ.

ಪರೀಕ್ಷೆಯ ಕ್ರಮ

1. ಕಣ್ಣಿನ ಪರೀಕ್ಷೆ.—ಮೊದಲು ಕಾರಿನಲ್ಲಿ ಈ ಸೆನ್ಸರು ಇದೆಯೇ ಎಂದು ನೋಡತಕ್ಕದ್ದು. ನಮ್ಮ ದೇಶದ ಅನೇಕ ಸಣ್ಣ ಪೆಟ್ರೋಲು ಕಾರುಗಳಲ್ಲಿ ಇದರ ಬದಲು ಒಳಕೊಳವೆಯ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರು ಇರುತ್ತದೆ. ಅವುಗಳಿಗೆ ಈ ಲೇಖನದ ಲೆಕ್ಕವು ಅನ್ವಯಿಸದು. ಇದ್ದಲ್ಲಿ, ರಬ್ಬರು ಕೊಳವೆಯನ್ನು ಬಾಗಿಸಿ ಮಡಿಕೆಗಳೊಳಗೆ ಬಿರುಕಿದೆಯೇ, ಕ್ಲಾಂಪುಗಳು ಬಿಗಿಯಾಗಿವೆಯೇ, ಇಲಿಯು ತಂತಿ ಕಡಿದಿದೆಯೇ ಎಂದು ಪರೀಕ್ಷಿಸಬೇಕು. ಗೌಡರ ಕಾರಿನಲ್ಲಿ ಕೊಳವೆಯು ಸರಿಯಾಗಿದ್ದಿತು.

2. ತಿದ್ದುಪಡಿಯ ಪರೀಕ್ಷೆ.—ಎಂಜಿನು ಬಿಸಿಯಾದ ಮೇಲೆ ಮೂರು ಸ್ಥಿತಿಗಳಲ್ಲಿ ತಿದ್ದುಪಡಿಯನ್ನು ಬರೆದುಕೊಳ್ಳಬೇಕು: ನಿಂತಲ್ಲಿ ನಿಧಾನವಾಗಿ ಓಡುವಾಗ, ನಿಂತಲ್ಲಿಯೇ ನಿಮಿಷಕ್ಕೆ 2,500 ಸುತ್ತು ಓಡುವಾಗ, ಭಾರ ಹೊತ್ತು ಏರು ಹತ್ತುವಾಗ. ಬಿರುಕಿನಿಂದ ನುಗ್ಗುವ ಗಾಳಿಯ ಪಾಲು ನಿಧಾನದ ಓಟದಲ್ಲಿ ದೊಡ್ಡದು. ವೇಗವು ಹೆಚ್ಚಿದಂತೆ ಒಟ್ಟು ಗಾಳಿಯೊಡನೆ ಹೋಲಿಸಿದರೆ ಅದು ಅಲ್ಪವಾಗುತ್ತದೆ. ಆದುದರಿಂದ ತಿದ್ದುಪಡಿಯು ನಿಧಾನದಲ್ಲಿ ಹೆಚ್ಚಾಗಿದ್ದು ವೇಗದಲ್ಲಿ ಇಳಿದರೆ ಬಿರುಕನ್ನು ಹುಡುಕಬೇಕು. ನಿಧಾನದಲ್ಲಿ ಕಡಮೆಯಿದ್ದು ಭಾರ ಬಿದ್ದಂತೆ ಏರಿದರೆ ಸೆನ್ಸರಿನ ಮೇಲಾಗಲಿ ಪೆಟ್ರೋಲಿನ ಸರಬರಾಜಿನ ಮೇಲಾಗಲಿ ಸಂಶಯಪಡಬೇಕು. ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲನ್ನು ಹಳೆಯ ಕಾರಿಗೆ ಹಾಕಿದಾಗ ತಿದ್ದುಪಡಿಯು ಕೆಲವು ಅಂಶ ಹೆಚ್ಚುವುದು ಸಹಜ. ಆದರೆ ಅದು ಎಲ್ಲ ಸ್ಥಿತಿಗಳಲ್ಲಿಯೂ ಹೆಚ್ಚು ಕಡಮೆ ಸಮನಾಗಿರುತ್ತದೆ. ಗೌಡರ ಕಾರಿನಲ್ಲಿ ಕಂಡ ಅಂಕಿಗಳು ಕ್ರಮವಾಗಿ ಶೇಕಡ 7, 13 ಮತ್ತು 23. ಬಿರುಕಿನ ಸಂಶಯವು ಇಲ್ಲಿಗೆ ತೀರಿತು.

3. ಗಾಳಿಯ ಲೆಕ್ಕ.—ಎಂಜಿನು ಎರಡು ಸುತ್ತಿಗೆ ಒಂದು ಸಲ ತನ್ನ ಪೂರ್ಣ ಅಳತೆಯ ಗಾಳಿಯನ್ನು ಸೇದುತ್ತದೆ. ಒಂದೂವರೆ ಲೀಟರಿನ ಎಂಜಿನು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ನಿಮಿಷಕ್ಕೆ 3,000 ಲೀಟರು, ಎಂದರೆ ಸೆಕೆಂಡಿಗೆ 50 ಲೀಟರು ಗಾಳಿಗೆ ಎಡೆಯಾಯಿತು. ಸಮುದ್ರಮಟ್ಟದಲ್ಲಿ ಒಂದು ಲೀಟರು ಗಾಳಿಯ ತೂಕ ಸುಮಾರು 1.2 ಗ್ರಾಂ, ಬೆಂಗಳೂರಿನ ಸುತ್ತಲಿನಂತಹ ಸುಮಾರು 900 ಮೀಟರ್ ಎತ್ತರದ ಸೀಮೆಯಲ್ಲಿ ಅದಕ್ಕಿಂತ ಕಡಮೆಯಾಗಿ 1.05 ಗ್ರಾಂ ಎಂದು ಹಿಡಿಯಬಹುದು. ಸಿಲಿಂಡರುಗಳು ಪೂರ್ತಿಯಾಗಿ ತುಂಬುವುದಿಲ್ಲವಾದುದರಿಂದ ಶೇಕಡ 80 ರಿಂದ 90 ರಷ್ಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಸೆಕೆಂಡಿಗೆ 42 ರಿಂದ 47 ಗ್ರಾಂ ಗಾಳಿ ಕಾಣಬೇಕು. ಸಂಚಾರವಿಲ್ಲದ ಏರುದಾರಿಯಲ್ಲಿ, ಎರಡನೆಯ ಗೇರಿನಲ್ಲಿ, ಪೂರ್ತಿಯಾಗಿ ಒತ್ತಿ ಗೌಡರು ಕಾರನ್ನು ನಡೆಸಿದರು. ಪಕ್ಕದಲ್ಲಿ ಕುಳಿತು ನಾನು ಅಂಕಿಯನ್ನು ಓದಿದೆನು. ಕಂಡುದು 34 ಗ್ರಾಂ ಮಾತ್ರ. ಓಡಿಸುವವನೇ ಅಂಕಿಯನ್ನು ಓದುವುದು ಅಪಾಯಕರವಾದುದರಿಂದ ಇಬ್ಬರು ಅವಶ್ಯಕ. ಇದಲ್ಲದೆ, ಫಿಲ್ಟರು ಕಟ್ಟಿಕೊಂಡು ಗಾಳಿಯೇ ನಿಜವಾಗಿ ಕಡಮೆಯಾದರೂ ಅಂಕಿಯು ಇಳಿಯುವುದುಂಟು; ಆದರೆ ಆಗ ಪೆಟ್ರೋಲೂ ಅದಕ್ಕೆ ಸರಿಯಾಗಿ ಕಡಮೆಯಾಗುವುದರಿಂದ ತಿದ್ದುಪಡಿಯು ಏರುವುದಿಲ್ಲ. ಇಲ್ಲಿ ಎರಡೂ ಕೂಡಿ ಬಂದುದು ಸೆನ್ಸರಿನ ಕಡೆಗೆ ಬೆರಳು ತೋರಿಸಿತು.

4. ಪೆಟ್ರೋಲಿನ ಒತ್ತಡ.—ಪೆಟ್ರೋಲು ಸಾಲದಿರುವಾಗ ತಿದ್ದುಪಡಿಯು ಏರಿದರೂ ಗಾಳಿಯ ಅಂಕಿಯು ಲೆಕ್ಕಕ್ಕೆ ಸರಿಯಾಗಿಯೇ ಇರುತ್ತದೆ. ಆದರೂ ಸಂಶಯ ಉಳಿಯದಂತೆ ಮೆಕ್ಯಾನಿಕ್ಕಿನಿಂದ ಗೇಜನ್ನು ಹಾಕಿಸಿ ನೋಡಿದೆವು. ಒತ್ತಡವು ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟಿದ್ದಿತು. ಹಳೆಯ ಪಂಪನ್ನು ತೆಗೆಯುವ ಮುಂಚೆ ಯಾರೂ ಈ ಗೇಜನ್ನು ಹಾಕಿರಲಿಲ್ಲವೆಂಬುದು ಆಗ ತಿಳಿಯಿತು.

5. ತಂತಿಯ ಪರೀಕ್ಷೆ.—ಸೆನ್ಸರಿನ ಪ್ಲಗ್ಗಿಗೆ ಬ್ಯಾಟರಿಯ ವಿದ್ಯುತ್ತು ಬರುತ್ತಿದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ಮೀಟರಿನಿಂದ ನೋಡಬೇಕು. ಎಂಜಿನು ನಿಧಾನವಾಗಿ ಓಡುವಾಗ ತಂತಿಗಳನ್ನು ಮೆಲ್ಲಗೆ ಅಲುಗಿಸಿದರೆ ಓಟವು ತಪ್ಪುವುದಾದರೆ ದೋಷವು ಜೋಡಣೆಯಲ್ಲಿದೆ. ಎಂಜಿನನ್ನು ನಿಲ್ಲಿಸಿ ಪ್ಲಗ್ಗನ್ನು ಕಳಚಿ ಮತ್ತೆ ನಡೆಸಿ ನೋಡುವ ಪದ್ಧತಿಯೂ ಉಂಟು; ಆಗ ಅನೇಕ ಕಾರುಗಳಲ್ಲಿ ಗಣಕವು ಅಂದಾಜಿನ ಲೆಕ್ಕದಿಂದ ಎಂಜಿನನ್ನು ನಡೆಸುತ್ತದೆ. ಓಟವು ಉತ್ತಮವಾದರೆ ಸಂಶಯವು ಬಲವಾಗುತ್ತದೆಯೇ ಹೊರತು ಅದೇ ರುಜುವಾತಲ್ಲ. ಕೆಲವು ಕಾರುಗಳು ಹೀಗೆ ಮಾಡಿದರೆ ನಡೆಯುವುದೇ ಇಲ್ಲ.

ಶುಚಿ ಮಾಡುವ ವಿಧಾನ

ಎಂಜಿನು ಆರಿದ ಮೇಲೆ ಸೆನ್ಸರನ್ನು ಹೊರತೆಗೆದು ಬಿಸಿಲಿಗೆ ಹಿಡಿದಾಗ ಅದರ ಪೊರೆಯ ಮೇಲೆ ಕೆಂಧೂಳಿನ ತೆಳುವಾದ ಲೇಪ ಕಾಣಿಸಿತು. ಈ ಸೆನ್ಸರಿಗೆಂದೇ ಮಾರುವ ಸ್ಪ್ರೇಯನ್ನು ದೂರದಿಂದ ಕೆಲವು ಸಲ ಚಿಮುಕಿಸಿ, ಪೂರ್ತಿಯಾಗಿ ಒಣಗಿದ ಮೇಲೆ ಜೋಡಿಸಬೇಕು. ಬಟ್ಟೆ, ಬ್ರಷ್ಷು, ಬೆರಳು ಸೋಕಕೂಡದು. ಕಂಪ್ರೆಸರಿನ ಗಾಳಿಯನ್ನು ಊದಕೂಡದು. ಕಾರ್ಬುರೇಟರನ್ನು ತೊಳೆಯುವ ದ್ರವವನ್ನು ಬಳಸಕೂಡದು. ಕೂದಲಿಗಿಂತ ಸೂಕ್ಷ್ಮವಾದ ಭಾಗವು ಒಮ್ಮೆ ಕೆಟ್ಟರೆ ಹೊಸದನ್ನು ಕೊಳ್ಳದೆ ಗತ್ಯಂತರವಿಲ್ಲ. ಅನಂತರ ಗಣಕದಲ್ಲಿನ ದೋಷಸಂಖ್ಯೆಯನ್ನು ಅಳಿಸಿ ಅದೇ ಪರೀಕ್ಷೆಗಳನ್ನು ಅದೇ ದಾರಿಯಲ್ಲಿ ಮತ್ತೆ ಮಾಡಬೇಕು. ಕೆಲವು ದಿನ ಕಾರು ಓಡಿದ ಮೇಲೆ ಹಾಗೆ ಮಾಡಿದಾಗ ಗಾಳಿಯ ಅಂಕಿಯು 43 ಗ್ರಾಮಿಗೆ ಏರಿತು. ತಿದ್ದುಪಡಿಯು ಶೇಕಡ 6, 7 ಮತ್ತು 8 ಕ್ಕೆ ನಿಂತಿತು. ಹೀಗೆ ಶುಚಿ ಮಾಡಿದ ಮೇಲೂ ಅಂಕಿಯು ಏರದಿದ್ದರೆ, ಆಗ ಮಾತ್ರ ಹೊಸ ಸೆನ್ಸರನ್ನು ಕೊಳ್ಳುವುದು ನ್ಯಾಯ.

ಆದರೆ ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಧೂಳು ಅಲ್ಲಿಗೆ ಬಂದುದು ಹೇಗೆ? ಫಿಲ್ಟರಿನ ಪೆಟ್ಟಿಗೆಯನ್ನು ತೆರೆದು ನೋಡಿದಾಗ, ಬೇರೊಂದು ಕಾರಿನ ಫಿಲ್ಟರನ್ನು ಅದರಲ್ಲಿ ಕೂರಿಸಿದ್ದುದು ತಿಳಿಯಿತು. ಒಂದು ಅಂಚಿನಲ್ಲಿ ಕಿರುಬೆರಳು ತೂರುವಷ್ಟು ಸಂದಿ ಇದ್ದಿತು. ಅದನ್ನು ಹಾಗೆಯೇ ಬಿಟ್ಟು ಹೊಸ ಸೆನ್ಸರು ಹಾಕಿದ್ದರೆ ಅದೂ ಸ್ವಲ್ಪ ಕಾಲದಲ್ಲಿ ಇದೇ ಗತಿಯನ್ನು ಹೊಂದುತ್ತಿದ್ದಿತು. ಸರಿಯಾದ ಅಳತೆಯ ಫಿಲ್ಟರನ್ನು ಹಾಕಿಸಿದೆವು. ಎಣ್ಣೆ ಸವರುವ ಫಿಲ್ಟರುಗಳನ್ನು ಉಪಯೋಗಿಸುವವರು ಎಣ್ಣೆ ಹೆಚ್ಚಾಗದಂತೆ ನೋಡಿಕೊಳ್ಳಬೇಕೆಂಬುದನ್ನೂ ಇಲ್ಲಿಯೇ ಸೂಚಿಸುತ್ತೇನೆ.

ಡೀಸೆಲು ಗಾಡಿಗಳನ್ನಿಟ್ಟಿರುವವರು ಒಂದು ಭೇದವನ್ನು ಗಮನಿಸಬೇಕು. ಡೀಸೆಲು ಎಂಜಿನಿನಲ್ಲಿ ಈ ಸೆನ್ಸರು ಮುಖ್ಯವಾಗಿ, ಉರಿದ ಹೊಗೆಯಲ್ಲಿ ಎಷ್ಟು ಪಾಲನ್ನು ಮತ್ತೆ ಒಳಕ್ಕೆ ಬಿಡಬೇಕೆಂಬುದನ್ನೂ, ಕರಿಹೊಗೆ ಬಾರದಂತೆ ಇಂಧನದ ಮಿತಿಯನ್ನೂ ಗೊತ್ತುಮಾಡಲು ನೆರವಾಗುತ್ತದೆ. ಆದುದರಿಂದ ಮೇಲೆ ಹೇಳಿದ ತಿದ್ದುಪಡಿಯ ಪರೀಕ್ಷೆಯು ಅವುಗಳಿಗೆ ಹೊಂದದು. ಟರ್ಬೊ ಇಲ್ಲದ ಪೆಟ್ರೋಲು ಎಂಜಿನಿಗೆ ಮಾತ್ರ ಈ ಗಾಳಿಯ ಲೆಕ್ಕವು ನೇರವಾಗಿ ಸಲ್ಲುತ್ತದೆ.

ಸ್ಪ್ರೇಗೂ ಫಿಲ್ಟರಿಗೂ ತಗುಲಿದ ಖರ್ಚು, ವ್ಯರ್ಥವಾಗಿ ಬದಲಾಯಿಸಿದ ಪಂಪಿನ ಖರ್ಚಿನ ಮುಂದೆ ಅತ್ಯಲ್ಪ. ಪಂಪಿಗೆ ಕೊಟ್ಟ ಹಣ ಹಿಂದಿರುಗಲಿಲ್ಲ. ಓಲೆಯು ಮಾತ್ರ ಮನೆಯಲ್ಲಿಯೇ ಉಳಿಯಿತು. ಮಾರನೆಯ ವಾರ ಔಷಧಿಯ ವಿಚಾರಕ್ಕಾಗಿ ಮತ್ತೆ ಬಂದ ಗೌಡರು, ಹೂವು ಬೆಳಕು ಹರಿಯುವ ಮುಂಚೆಯೇ ಮಾರುಕಟ್ಟೆಯನ್ನು ಸೇರುತ್ತಿದೆಯೆಂದು ತಿಳಿಸಿದರು.

ಈ ಪರೀಕ್ಷೆಗಳನ್ನೆಲ್ಲ ರೈತರು ತಾವೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಯಾವ ಭಾಗವನ್ನಾದರೂ ಬದಲಾಯಿಸಬೇಕೆಂದು ಹೇಳಿದಾಗ, ತಿದ್ದುಪಡಿ ಎಷ್ಟಿತ್ತು, ಗಾಳಿ ಎಷ್ಟು ಗ್ರಾಂ ಕಂಡಿತು, ಪೆಟ್ರೋಲಿನ ಒತ್ತಡ ಎಷ್ಟಿತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಬರೆಯಿಸಿಕೊಳ್ಳತಕ್ಕದ್ದು. ಒಳ್ಳೆಯ ಮೆಕ್ಯಾನಿಕ್ಕನು ಇದರಿಂದ ಬೇಸರಗೊಳ್ಳುವುದಿಲ್ಲ. ಮಣ್ಣುದಾರಿಯಲ್ಲಿ ಓಡಾಡುವ ಕಾರಿನ ಏರ್ ಫಿಲ್ಟರನ್ನು ಬೇಸಗೆಯಲ್ಲಿ ತಿಂಗಳಿಗೊಮ್ಮೆಯಾದರೂ ತೆಗೆದು, ಅದರ ಅಂಚು ಎಲ್ಲ ಕಡೆಯೂ ಬಿಗಿಯಾಗಿ ಕೂತಿದೆಯೇ ಎಂದು ನೋಡುವುದು ಮನೆಯವರೇ ಮಾಡಬಹುದಾದ ಕೆಲಸವಾಗಿರುತ್ತದೆ.