ಲಕ್ಯಾ ಹೊಳೆ ಹೇಳುವ ಪಾಠ



ಹೊಳೆ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ, ಬೆಟ್ಟದ ಮೇಲಿನ ಯಾವುದೋ ಒಂದು ಸೆಲೆಯತ್ತ ನಾವು ಬೆರಳು ತೋರಿಸುತ್ತೇವೆ. ಆದರೆ ಹೊಳೆಗೆ ನೀರು ಬರುವುದು ಆ ಒಂದು ಸೆಲೆಯಿಂದ ಮಾತ್ರವಲ್ಲ. ಸುತ್ತಲಿನ ಇಳಿಜಾರುಗಳ ಮೇಲೆ ಬಿದ್ದ ಮಳೆಯೆಲ್ಲ ಅದೇ ಹೊಳೆಯನ್ನು ಸೇರುತ್ತದೆ. ಹೀಗೆ ಒಂದು ಹೊಳೆಗೆ ನೀರುಣಿಸುವ ಇಡೀ ನೆಲಕ್ಕೆ ಜಲಾನಯನ ಪ್ರದೇಶ ಎಂದು ಹೆಸರು. ಅದನ್ನು ಒಂದು ದೊಡ್ಡ ಬಟ್ಟಲೆಂದು ತಿಳಿಯಿರಿ. ಬಟ್ಟಲಿನ ಅಂಚೇ ಬೆಟ್ಟದ ನೆತ್ತಿ, ಅದು ಜಲವಿಭಾಜಕ.

ಒಂದೇ ಶ್ರೇಣಿ, ಎರಡು ಸಮುದ್ರ

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶ್ರೇಣಿಯನ್ನೇ ನೋಡೋಣ. ಇದರ ಅತಿ ಎತ್ತರದ ಶಿಖರ ಸುಮಾರು 1,890 ಮೀಟರ್. ಅರಬ್ಬೀ ಸಮುದ್ರ ಇಲ್ಲಿಂದ ನೇರ ಅಂತರದಲ್ಲಿ ಅರವತ್ತು ಕಿಲೋಮೀಟರಿಗಿಂತ ದೂರವಿಲ್ಲ. ಶ್ರೇಣಿಯ ಪಶ್ಚಿಮದ ತೊರೆಗಳು ನೇತ್ರಾವತಿಯನ್ನು ಸೇರಿ ಮಂಗಳೂರಿನ ಬಳಿ ಕಡಲಿಗೆ ಇಳಿಯುತ್ತವೆ. ಪೂರ್ವದ ತೊರೆಗಳ ದಾರಿಯೇ ಬೇರೆ. ಅವು ಭದ್ರಾ ನದಿಗೆ ಸೇರುತ್ತವೆ. ಭದ್ರೆ ಕಳಸ, ಬಾಳೆಹೊನ್ನೂರುಗಳ ಮೂಲಕ ಹರಿದು, ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು ತುಂಗಭದ್ರೆಯಾಗುತ್ತದೆ. ಮುಂದೆ ಆ ನೀರು ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ನೆತ್ತಿಯ ಮೇಲೆ ಅಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳು ಹೀಗೆ ಎರಡು ಸಮುದ್ರಗಳ ಪಾಲಾಗಬಹುದು!

ಭದ್ರೆಯನ್ನು ಸೇರುವ ಇಂಥ ತೊರೆಗಳಲ್ಲಿ ಒಂದು ಲಕ್ಯಾ ಹೊಳೆ.

ಮಳೆಯನ್ನು ಹಿಡಿದಿಡುವವರು ಯಾರು?

ಈ ಭಾಗದಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಹತ್ತು ಲಕ್ಷ ಲೀಟರ್ ನೀರು. ಹಾಗಾದರೆ 7,000 ಮಿಲಿಮೀಟರಿಗೆ ಎಷ್ಟಾಯಿತು? 700 ಕೋಟಿ ಲೀಟರ್. ಇದರ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆದರೂ ಬೇಸಿಗೆಯಲ್ಲಿ ಇಲ್ಲಿನ ತೊರೆಗಳಲ್ಲಿ ನೀರಿರುತ್ತದೆ. ಏಕೆ?

ಕಣಿವೆಯ ಮಡಿಕೆಗಳಲ್ಲಿ ದಟ್ಟವಾದ ಶೋಲಾ ಕಾಡು, ಮೇಲಿನ ಬೋಳು ಇಳಿಜಾರುಗಳಲ್ಲಿ ಹುಲ್ಲುಗಾವಲು. ಹುಲ್ಲು ಮಳೆಹನಿಯ ಹೊಡೆತವನ್ನು ತಡೆದು ಮಣ್ಣನ್ನು ಕಾಯುತ್ತದೆ. ಕಾಡಿನ ತರಗೆಲೆ ಮತ್ತು ಬೇರಿನ ಹಾಸು ನೀರನ್ನು ಹೀರಿಕೊಂಡು ನೆಲದೊಳಕ್ಕೆ ಇಳಿಸುತ್ತದೆ. ಒಳಗಿಳಿದ ನೀರು ತಿಂಗಳುಗಟ್ಟಲೆ ನಿಧಾನವಾಗಿ ಜಿನುಗಿ ಹೊಳೆಯನ್ನು ಸೇರುತ್ತದೆ. ಮರವಿಲ್ಲದ ಗುಡ್ಡವನ್ನು ಬಂಜರು ಎಂದು ಕರೆಯುವುದು ಎಷ್ಟು ತಪ್ಪು ಎಂಬುದು ಈಗ ನಿಮಗೆ ತಿಳಿಯಿತಲ್ಲವೇ?

ಬಟ್ಟಲಿಗೆ ಕೈ ಹಾಕಿದಾಗ

ಇದೇ ಬೆಟ್ಟಗಳ ಒಡಲಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರಿದೆ. ಅದನ್ನು ತೆಗೆಯಲು 1976ರಲ್ಲಿ ಸರ್ಕಾರಿ ಕಂಪನಿಯೊಂದು ಸ್ಥಾಪನೆಯಾಯಿತು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದ್ದರಿಂದ ಕಲ್ಲನ್ನು ನುಣ್ಣಗೆ ಅರೆದು, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಕಳುಹಿಸುತ್ತಿದ್ದರು. ಉಳಿದ ಕೆಸರನ್ನು ಎಲ್ಲಿ ಹಾಕುವುದು? ಅದಕ್ಕಾಗಿಯೇ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು.

ಗಣಿಯಿಂದ ಸಾವಿರಾರು ಜನರಿಗೆ ಅನ್ನ ಸಿಕ್ಕಿತು, ಕಾಡಿನ ನಡುವೆ ಒಂದು ಪಟ್ಟಣವೇ ಎದ್ದಿತು. ಆದರೆ ಬೆಟ್ಟವನ್ನು ಅಗೆದರೆ ಸಡಿಲವಾದ ಮಣ್ಣು ಮಳೆಗಾಲದಲ್ಲಿ ಹೊಳೆಗೆ ಇಳಿಯುತ್ತದೆ. ಭದ್ರೆಯಲ್ಲಿ ಹೂಳು ಹೆಚ್ಚಿದರೆ ಅದರ ಪರಿಣಾಮ ಕಳಸಕ್ಕೆ ಮಾತ್ರವಲ್ಲ, ದೂರದ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೂ, ಅದನ್ನು ನಂಬಿದ ಗದ್ದೆಗಳಿಗೂ ತಟ್ಟುತ್ತದೆ. ಈ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಗಣಿಗಾರಿಕೆಯ ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿ ನಿಂತರೂ ಕೆಸರು ಹೋಗಲಿಲ್ಲ. ಲಕ್ಯಾ ಅಣೆಕಟ್ಟಿನ ಹಿಂದೆ ಅದು ಇಂದಿಗೂ ತುಂಬಿಕೊಂಡಿದೆ. ಆ ಅಣೆಕಟ್ಟನ್ನು ಕಾಯುವ ಹೊಣೆ ಮುಂದಿನ ತಲೆಮಾರುಗಳಿಗೂ ಉಳಿಯಿತು.

ನೀವೇ ಮಾಡಿ ನೋಡಿ

ನಿಮ್ಮ ಶಾಲೆ ಅಥವಾ ಕಾಲೇಜಿನ ಭೂಗೋಳ ವಿಭಾಗದಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆ ಇದ್ದರೆ, ಅದರಲ್ಲಿ ನಿಮ್ಮೂರಿನ ಹಳ್ಳವನ್ನು ಗುರುತಿಸಿ. ಅದರ ಎರಡೂ ಬದಿಯ ಎತ್ತರದ ಬಿಂದುಗಳನ್ನು ಪೆನ್ಸಿಲ್ ಗೆರೆಯಿಂದ ಜೋಡಿಸಿ. ಗೆರೆ ಯಾವ ತೊರೆಯನ್ನೂ ದಾಟದಂತೆ, ಹಳ್ಳ ಹೊರಹರಿಯುವ ಜಾಗದಲ್ಲಿ ಬಂದು ಕೂಡಬೇಕು. ಅದೇ ನಿಮ್ಮ ಬಟ್ಟಲು. ಅದರೊಳಗೆ ಏನೇನಿದೆ, ಅದರಲ್ಲಿ ಯಾವುದೆಲ್ಲ ಹಳ್ಳಕ್ಕೆ ಇಳಿಯುತ್ತದೆ ಎಂದು ಪಟ್ಟಿ ಮಾಡಿ. ನಿಮ್ಮ ಬಾವಿಯ ನೀರಿನ ಕಥೆ ಅಲ್ಲೇ ಸಿಗಬಹುದು.