ಮನೆಯಲ್ಲಿ ಕಟ್ಟುವ ಸ್ಪೋರ್ಟ್ಸ್ ಕಾರಿಗೆ ಯಾವ ಗೇರ್‌ಬಾಕ್ಸ್?

ಮನೆಯ ಗ್ಯಾರೇಜಿನಲ್ಲಿ ಜೋಡಿಸುವ ಸ್ಪೋರ್ಟ್ಸ್ ಕಾರಿಗೆ ಮ್ಯಾನ್ಯುವಲ್ ಗೇರ್‌ಬಾಕ್ಸ್ ಹಾಕಬೇಕೋ ಆಟೋಮ್ಯಾಟಿಕ್ ಹಾಕಬೇಕೋ ಎಂಬುದು ಮೇಲ್ನೋಟಕ್ಕೆ ಅವರವರ ಇಷ್ಟದ ಮಾತು. ನಿಜದಲ್ಲಿ ಅದನ್ನು ಬಹುಪಾಲು ತೀರ್ಮಾನಿಸುವುದು ಕಾರಿನ ತೂಕ, ಎಂಜಿನ್ನಿನ ಟಾರ್ಕ್ ಮತ್ತು ಎರಡು ಸೀಟುಗಳ ನಡುವೆ ಉಳಿಯುವ ಜಾಗ. ಕಾರ್ಖಾನೆಯಲ್ಲಿ ತಯಾರಾದ ಕಾರಿನಲ್ಲಿ ಈ ಲೆಕ್ಕಗಳನ್ನೆಲ್ಲ ಎಂಜಿನಿಯರುಗಳು ಮುಗಿಸಿರುತ್ತಾರೆ. ತಾನೇ ಕಟ್ಟುವವನು ಅವನ್ನು ತಾನೇ ಹಾಕಬೇಕು, ಅದೂ ಚಾಸಿಯ ಮಧ್ಯದ ಸುರಂಗಕ್ಕೆ ಬೆಸುಗೆ ಬೀಳುವ ಮೊದಲು.

ಇಂಥ ಕಾರುಗಳಲ್ಲಿ ಎರಡು ವಂಶಗಳು ಪ್ರಸಿದ್ಧ. ಮೊದಲನೆಯದು ಕಾಲಿನ್ ಚಾಪ್‌ಮನ್ 1957ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದ ಲೋಟಸ್ ಸೆವೆನ್‌ನದು. ಬಿಡಿಭಾಗಗಳಾಗಿ ಕೊಂಡರೆ ಅಲ್ಲಿನ ಖರೀದಿ ತೆರಿಗೆ ತಪ್ಪುತ್ತಿದ್ದುದರಿಂದ ಗಿರಾಕಿಯೇ ಕಾರನ್ನು ಜೋಡಿಸಿಕೊಳ್ಳುವ ರೂಢಿ ಬೆಳೆಯಿತು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. 1996ರಲ್ಲಿ ರಾನ್ ಚಾಂಪಿಯನ್ ಬರೆದ ಕೈಪಿಡಿ ಹಳೆಯ ಫೋರ್ಡ್ ಎಸ್ಕಾರ್ಟಿನ ಭಾಗಗಳಿಂದ 250 ಪೌಂಡ್ ಖರ್ಚಿನಲ್ಲಿ ಇದೇ ಮಾದರಿಯ ಕಾರು ಕಟ್ಟುವ ದಾರಿ ತೋರಿಸಿತು. ಹಾಗೆ ಕಟ್ಟಿದವು ‘ಲೋಕಾಸ್ಟ್’ ಎನಿಸಿಕೊಂಡವು. ಎರಡನೆಯ ವಂಶ ಕೋಬ್ರಾದ್ದು. ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಬ್ರಿಟನ್ನಿನ ಎಸಿ ಸಂಸ್ಥೆಯ ಪುಟ್ಟ ತೆರೆದ ಕಾರಿನಲ್ಲಿ ಫೋರ್ಡಿನ ವಿ8 ಎಂಜಿನ್ ಕೂರಿಸಿದರು. ಅದರ ಪ್ರತಿರೂಪದ ಕಿಟ್‌ಗಳು ಇಂದಿಗೂ ಮಾರಾಟದಲ್ಲಿವೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲವನ್ನೂ ಗುಜರಿಗೆ ಬಂದ ಒಂದೇ ಫೋರ್ಡ್ ಮಸ್ಟ್ಯಾಂಗ್‌ನಿಂದ ಬಿಚ್ಚಿ ತರುವುದು ಅಮೆರಿಕದಲ್ಲಿ ಬಹುಕಾಲದ ವಾಡಿಕೆ.

ಪೆಟ್ರೋಲ್ ಎಂಜಿನ್ ನಿಂತ ಸ್ಥಿತಿಯಲ್ಲಿ ಏನನ್ನೂ ಎಳೆಯಲಾರದು. ಅದು ತಿರುಗುತ್ತಲೇ ಇರಬೇಕು, ಚಕ್ರ ಮಾತ್ರ ಸೊನ್ನೆಯಿಂದ ಹೊರಡಬೇಕು. ಈ ವೇಗದ ಅಂತರವನ್ನು ಮ್ಯಾನ್ಯುವಲ್‌ನಲ್ಲಿ ಕ್ಲಚ್ ಉಜ್ಜಿಕೊಂಡು ತುಂಬಿಸುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ಕೆಲಸ ಟಾರ್ಕ್ ಕನ್ವರ್ಟರಿನದು. ಎಣ್ಣೆ ತುಂಬಿದ ಮುಚ್ಚಿದ ಡಬ್ಬಿಯೊಳಗೆ ಎಂಜಿನ್ ತಿರುಗಿಸುವ ಪಂಪು ಎಣ್ಣೆಯನ್ನು ಎದುರಿನ ಟರ್ಬೈನ್ ಅಲಗುಗಳ ಮೇಲೆ ಎಸೆಯುತ್ತದೆ. ನಡುವೆ ಇರುವ ಸ್ಟೇಟರ್ ಮರಳಿ ಬರುವ ಎಣ್ಣೆಯ ದಿಕ್ಕು ತಿರುಗಿಸಿ ಮತ್ತೆ ಪಂಪಿಗೆ ನೆರವಾಗುವಂತೆ ಕಳಿಸುತ್ತದೆ. ಕಾರು ಹೊರಡುವ ಕ್ಷಣದಲ್ಲಿ ಈ ಸುತ್ತಾಟದಿಂದ ಟಾರ್ಕ್ ಸುಮಾರು ಎರಡು ಪಟ್ಟಾಗುತ್ತದೆ. ಕ್ಲಚ್ಚಿಗೆ ಈ ಗುಣವಿಲ್ಲ. ಆದರೆ ಕನ್ವರ್ಟರ್ ಜಾರುವಾಗ ಕಳೆದುಕೊಂಡ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ, ಆ ಬಿಸಿಯನ್ನು ಹೊರಹಾಕಲೇಬೇಕು.

ಗೇರಿನ ಅನುಪಾತಗಳನ್ನು ಹತ್ತಿರದಿಂದ ನೋಡಿದರೆ ಆಯ್ಕೆಯ ಮರ್ಮ ತಿಳಿಯುತ್ತದೆ. ಹಳೆಯ 5 ಲೀಟರ್ ಮಸ್ಟ್ಯಾಂಗ್‌ನ ಟಿ-5 ಮ್ಯಾನ್ಯುವಲ್‌ನಲ್ಲಿ ಮೊದಲ ಗೇರ್ 3.35, ಐದನೆಯದು 0.68. ಅದೇ ಕಾರಿನ ಎಒಡಿ ಆಟೋಮ್ಯಾಟಿಕ್‌ನಲ್ಲಿ ಮೊದಲನೆಯದು 2.40, ನಾಲ್ಕನೆಯದು 0.67. ಹಿಂದಿನ ಆಕ್ಸಲ್ಲಿನ ಅನುಪಾತ 3.55, ಟೈರಿನ ವ್ಯಾಸ 66 ಸೆಂಟಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಎಂಜಿನ್ ನಿಮಿಷಕ್ಕೆ 6,000 ಸುತ್ತು ಮುಟ್ಟುವಾಗ ಟಿ-5 ಮೊದಲ ಗೇರಿನಲ್ಲಿ ಗಂಟೆಗೆ ಸುಮಾರು 63 ಕಿಲೋಮೀಟರಿಗೆ ನಿಲ್ಲುತ್ತದೆ; ಎಒಡಿ 88ರ ತನಕ ಹೋಗುತ್ತದೆ. ನೂರು ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯಲ್ಲಿ ಸಾಗುವಾಗ ಎರಡರಲ್ಲೂ ಎಂಜಿನ್ 1,950 ಸುತ್ತುಗಳ ಆಸುಪಾಸಿನಲ್ಲಿ ಆರಾಮವಾಗಿರುತ್ತದೆ. ಓವರ್‌ಡ್ರೈವ್, ಅಂದರೆ ಅನುಪಾತ ಒಂದಕ್ಕಿಂತ ಕಡಿಮೆಯಿರುವ ಗೇರ್, ಇಲ್ಲದ ಮೂರು ಗೇರಿನ ಸಿ4 ಆಟೋಮ್ಯಾಟಿಕ್ ಹಾಕಿದರೆ ಅದೇ ವೇಗಕ್ಕೆ 2,850 ಸುತ್ತು ಬೇಕು. ಮೇಲ್ಚಾವಣಿಯಿಲ್ಲದ ಕಾರಿನಲ್ಲಿ ಆ ಸದ್ದನ್ನು ಗಂಟೆಗಟ್ಟಲೆ ಸಹಿಸುವುದು ಸುಲಭವಲ್ಲ.

ಮೊದಲ ಗೇರ್ ಗಿಡ್ಡವಾಗಿರುವುದು, ಅಂದರೆ ಅದರ ಅನುಪಾತ ದೊಡ್ಡದಿರುವುದು, ಭಾರದ ಕಾರಿಗೆ ವರ, ಹಗುರ ಕಾರಿಗೆ ತೊಡಕು. ಸುಮಾರು 500 ಕಿಲೋ ತೂಗುವ ಸೆವೆನ್ ಮಾದರಿಯಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ಹೆಚ್ಚು ಬಳಕೆಯಾಗುವುದು ಫೋರ್ಡ್ ಸಿಯೆರಾದ ಟೈಪ್ 9 ಎಂಬ ಐದು ಗೇರಿನ ಪೆಟ್ಟಿಗೆ. ಸಂಸಾರ ಸಮೇತ ಸಾಮಾನು ಹೇರಿಕೊಂಡು ದಿಬ್ಬ ಹತ್ತಬೇಕಾದ ಕಾರಿಗೆಂದು ಮಾಡಿದ ಅದರ 3.65ರ ಮೊದಲ ಗೇರ್ ಸೆವೆನ್‌ನಲ್ಲಿ ಹಾಕಿದ ತಕ್ಷಣ ಮುಗಿದುಹೋಗುತ್ತದೆ. ಅದಕ್ಕಾಗಿಯೇ ಬ್ರಿಟನ್ನಿನಲ್ಲಿ ಉದ್ದದ ಮೊದಲ ಗೇರಿನ ಹಲ್ಲುಗಾಲಿಗಳ ಜೋಡಿ ಪ್ರತ್ಯೇಕವಾಗಿ ಮಾರಾಟಕ್ಕಿದೆ. ಈ ವರ್ಗದ ಕಾರಿಗೆ ಆಟೋಮ್ಯಾಟಿಕ್ ಹೊಂದುವುದೇ ಇಲ್ಲ. ಸಣ್ಣ ಎಂಜಿನ್ನಿನ ಅಲ್ಪ ಟಾರ್ಕಿನಲ್ಲಿ ಕನ್ವರ್ಟರ್ ತನ್ನ ಪಾಲು ತಿನ್ನುತ್ತದೆ, ಇಕ್ಕಟ್ಟಾದ ಸುರಂಗದಲ್ಲಿ ಅದರ ದಪ್ಪ ಹೊಟ್ಟೆ ಹಿಡಿಸುವುದಿಲ್ಲ, ಪುಟ್ಟ ಮೂತಿಯಲ್ಲಿ ಎಣ್ಣೆ ಕೂಲರಿಗೂ ಜಾಗ ಸಾಲದು.

ಕೋಬ್ರಾದ ಸಂಗತಿ ಬೇರೆ. ವಿ8 ಎಂಜಿನ್ನಿಗೆ ಕಡಿಮೆ ಸುತ್ತಿನಲ್ಲೇ ಧಾರಾಳ ಟಾರ್ಕ್ ಇರುವುದರಿಂದ ಕನ್ವರ್ಟರಿನ ನಷ್ಟ ಅಷ್ಟಾಗಿ ತಿಳಿಯುವುದಿಲ್ಲ. ಕಾಲಿಡುವ ಜಾಗ ಅಲ್ಲಿಯೂ ಇಕ್ಕಟ್ಟು. ಮೂರು ಪೆಡಲ್ ಒತ್ತೊತ್ತಾಗಿ ಕೂರುತ್ತವೆ, ಬಲವಾದ ಕ್ಲಚ್ಚಿನ ಸ್ಪ್ರಿಂಗು ಊರಿನ ಟ್ರಾಫಿಕ್ಕಿನಲ್ಲಿ ಎಡಗಾಲಿನ ಮೊಣಕಾಲನ್ನು ದಣಿಸುತ್ತದೆ. ಕ್ಲಚ್ ಪೆಡಲ್ ಹೋದರೆ ಆ ಕಾಲಿಗೆ ಊರಿಕೊಳ್ಳಲು ನೆಲೆ ಸಿಗುತ್ತದೆ. ಕೋಬ್ರಾಗೆ ಆಟೋಮ್ಯಾಟಿಕ್ ಅಪಚಾರ ಎನ್ನುವವರು ಇತಿಹಾಸ ನೋಡಬೇಕು. ಶೆಲ್ಬಿ ತಮ್ಮ ಸ್ವಂತಕ್ಕೆ ಮಾಡಿಸಿಕೊಂಡ, ಎರಡು ಸೂಪರ್‌ಚಾರ್ಜರುಗಳ ‘ಸೂಪರ್ ಸ್ನೇಕ್’ ಕೋಬ್ರಾದಲ್ಲಿದ್ದುದು ಮೂರು ಗೇರಿನ ಆಟೋಮ್ಯಾಟಿಕ್. 2007ರ ಹರಾಜಿನಲ್ಲಿ ಅದು 55 ಲಕ್ಷ ಡಾಲರಿಗೆ ಹೋಯಿತು.

ಆಟೋಮ್ಯಾಟಿಕ್‌ನ ನಿಜವಾದ ದೋಷ ತಿರುವಿನಲ್ಲಿ ಹೊರಬೀಳುತ್ತದೆ. ಹಳೆಯ ಹೈಡ್ರಾಲಿಕ್ ಪೆಟ್ಟಿಗೆಗೆ ಕಾರು ತಿರುವಿನ ನಡುವೆ ಇದೆಯೆಂದು ಗೊತ್ತಾಗುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಅದು ತಟ್ಟನೆ ಕೆಳಗಿನ ಗೇರಿಗೆ ಇಳಿದರೆ ಹಿಂಚಕ್ರಗಳಿಗೆ ಒಮ್ಮೆಲೇ ಬಲ ಬಿದ್ದು ಹಿಡಿತ ತಪ್ಪಬಹುದು. ಚಕ್ರಾಂತರ ಬರೀ 2.3 ಮೀಟರಿನಷ್ಟಿರುವ ಕಾರಿನಲ್ಲಿ ಅದನ್ನು ಸಂಭಾಳಿಸಲು ಚಾಲಕನಿಗೆ ಸಮಯ ಸಿಗುವುದಿಲ್ಲ.

ಟಾರ್ಕ್ ತಾಳುವ ಶಕ್ತಿಯನ್ನೂ ಗಮನಿಸಬೇಕು. 1990ರ ನಂತರದ ಮಸ್ಟ್ಯಾಂಗ್‌ಗಳ ಟಿ-5ಕ್ಕೆ ತಯಾರಕರು ಗೊತ್ತುಮಾಡಿದ ಮಿತಿ ಸುಮಾರು 400 ನ್ಯೂಟನ್ ಮೀಟರ್. ಎಂಜಿನ್ ಅದಕ್ಕಿಂತ ಬಲವಾದರೆ 800 ದಾಟಿ ತಾಳಬಲ್ಲ ಟಿಕೆಎಕ್ಸ್‌ನಂಥ ಭಾರಿ ಪೆಟ್ಟಿಗೆಗೆ ಹೋಗಬೇಕು. ಹಗುರ ಕಾರಿನಲ್ಲಿ ಟೈರುಗಳೇ ಮೊದಲು ಜಾರಿ ಗೇರಿನ ಹಲ್ಲುಗಳನ್ನು ಉಳಿಸುತ್ತವೆ. ಹಾಗೆಂದು ಅಂಟು ಹೆಚ್ಚಿರುವ ರೇಸ್ ಟೈರ್ ಹಾಕಿದವನು ಆ ರಕ್ಷಣೆಯನ್ನು ನಂಬಬಾರದು.

ಜೋಡಿಸುವಾಗ ಎರಡಕ್ಕೂ ಅದರದರದೇ ಪರೀಕ್ಷೆ. ಮ್ಯಾನ್ಯುವಲ್‌ನಲ್ಲಿ ಬೆಲ್ ಹೌಸಿಂಗಿನ ರಂಧ್ರ ಕ್ರ್ಯಾಂಕ್‌ಶಾಫ್ಟಿನ ಕೇಂದ್ರಕ್ಕೆ ಸರಿಯಾಗಿ ಕೂರಬೇಕು. ಡಯಲ್ ಗೇಜನ್ನು ಫ್ಲೈವೀಲಿಗೆ ಅಂಟಿಸಿ ಎಂಜಿನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದಾಗ ವ್ಯತ್ಯಾಸ 0.13 ಮಿಲಿಮೀಟರಿನೊಳಗೆ ಇರಬೇಕು. ಇಲ್ಲದಿದ್ದರೆ ಗೇರ್ ಬಿಗಿಯಾಗುತ್ತದೆ, ಬೇರಿಂಗು ಬೇಗ ಸವೆಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಕನ್ವರ್ಟರನ್ನು ಪೆಟ್ಟಿಗೆಗೆ ಕೂರಿಸುವಾಗ ತಿರುಗಿಸುತ್ತ ಒಳಗೆ ತಳ್ಳಬೇಕು. ಅದು ಹಂತ ಹಂತವಾಗಿ ‘ಟಕ್’ ಎಂದು ಕೆಳಗಿಳಿದು ಪಂಪಿನ ಹಲ್ಲಿಗೆ ಸಿಕ್ಕಿಕೊಳ್ಳುವ ತನಕ ಬೋಲ್ಟು ಬಿಗಿಯುವಂತಿಲ್ಲ. ಅವಸರದಲ್ಲಿ ಬಿಗಿದರೆ ಎಂಜಿನ್ ಚಾಲೂ ಆಗುವ ಮೊದಲೇ ಪಂಪು ಒಡೆಯುತ್ತದೆ.

ಎಒಡಿಯಲ್ಲಿ ಇನ್ನೊಂದು ಅಪಾಯವೂ ಇದೆ. ಆಕ್ಸಿಲರೇಟರ್ ಎಷ್ಟು ತೆರೆದಿದೆಯೆಂದು ಪೆಟ್ಟಿಗೆಗೆ ತಿಳಿಸಿ ಒಳಗಿನ ಎಣ್ಣೆಯ ಒತ್ತಡ ಹೊಂದಿಸುವುದು ಟಿವಿ ಕೇಬಲ್ ಎಂಬ ಸಣ್ಣ ತಂತಿ. ಬೇರೆ ಕಾರ್ಬ್ಯುರೇಟರ್ ಹಾಕಿದಾಗ ಅದರ ಎಳೆತದ ಅಳತೆ ಬದಲಾಗುತ್ತದೆ. ತಂತಿ ಸಡಿಲವಾಗಿದ್ದರೆ ಒತ್ತಡ ಸಾಲದೆ ಒಳಗಿನ ಕ್ಲಚ್ ಪಟ್ಟಿಗಳು ಜಾರಿ ಸುಟ್ಟುಹೋಗುತ್ತವೆ, ಅದಕ್ಕೆ ಹೆಚ್ಚು ದೂರವೂ ಓಡಬೇಕಿಲ್ಲ. ಮೊದಲ ಓಟಕ್ಕೆ ಮುನ್ನ ಒತ್ತಡದ ಗೇಜ್ ಹಚ್ಚಿ ನೋಡುವುದು ಅರ್ಧ ಗಂಟೆಯ ಕೆಲಸ.

ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಈ ತಂತಿಯ ತಲೆನೋವು ತಪ್ಪಿಸಿವೆ. 2009ರಲ್ಲಿ ಬಂದ ಝಡ್‌ಎಫ್ ಸಂಸ್ಥೆಯ ಎಂಟು ಗೇರಿನ 8ಎಚ್‌ಪಿ ಎಷ್ಟು ಚುರುಕೆಂದರೆ ಗೇರ್ ಬದಲಿಸುವ ವೇಗದಲ್ಲಿ ಮನುಷ್ಯನ ಕೈ ಅದರ ಹತ್ತಿರ ಸುಳಿಯಲಾರದು. ಆದರೆ ಕಿಟ್ ಕಾರಿನಲ್ಲಿ ಅದಕ್ಕೆ ಪ್ರತ್ಯೇಕ ನಿಯಂತ್ರಕ, ಸೆನ್ಸರುಗಳು, ಅವನ್ನು ಹೊಂದಿಸುವ ಕಂಪ್ಯೂಟರ್ ಜ್ಞಾನ ಬೇಕು. ಇನ್ನು ವೇಗವೇ ಎಲ್ಲವೂ ಅಲ್ಲ: ಪೋರ್ಷೆ 2013ರ 911 ಜಿಟಿ3ಯನ್ನು ಕ್ಲಚ್ ಪೆಡಲ್ ಇಲ್ಲದ ಪಿಡಿಕೆ ಪೆಟ್ಟಿಗೆಯಲ್ಲಿ ಮಾತ್ರ ಮಾರಿತು, 2017ರ ಜಿಟಿ3ಯಲ್ಲಿ ಮ್ಯಾನ್ಯುವಲ್ ಮತ್ತೆ ಬಂತು.

ಹಾಗಾಗಿ 700 ಕಿಲೋದೊಳಗಿನ, ಸಣ್ಣ ಎಂಜಿನ್ನಿನ ಕಾರಿಗೆ ಐದು ಗೇರಿನ ಮ್ಯಾನ್ಯುವಲ್ ಬಿಟ್ಟು ಬೇರೆ ಯೋಚನೆ ಬೇಡ. ವಿ8 ಕೋಬ್ರಾವನ್ನು ತಿರುವಿನ ರಸ್ತೆಗೂ ಟ್ರ್ಯಾಕಿಗೂ ಕಟ್ಟುವುದಾದರೆ ಅಲ್ಲಿಯೂ ಮ್ಯಾನ್ಯುವಲ್ಲೇ ಸರಿ. ಹೆಚ್ಚು ಓಡಾಟ ಊರೊಳಗೆ ಇದ್ದರೆ, ಕಾಲಿನಲ್ಲಿ ನೋವಿದ್ದರೆ, ಮನೆಯಲ್ಲಿ ಕ್ಲಚ್ ಒಲ್ಲದ ಇನ್ನೊಬ್ಬ ಚಾಲಕರಿದ್ದರೆ ಓವರ್‌ಡ್ರೈವ್ ಇರುವ ಆಟೋಮ್ಯಾಟಿಕ್ ತಕ್ಕ ಆಯ್ಕೆ; ಅದಕ್ಕೆ ಬೇರೆಯದೇ ಆದ ಎಣ್ಣೆ ಕೂಲರ್ ಹಾಕಿಸಲು ಮಾತ್ರ ಜಿಪುಣತನ ತೋರಬಾರದು.