ಹಾಲೋ ಹಾಳೋ, ಒಂದೇ ಅಕ್ಷರ!

ಇಬ್ಬರಿಗೂ ಉಬ್ಬಸ. ಇಬ್ಬರ ಕೈಯಲ್ಲೂ ಅದೇ ಸಾಲ್ಬುಟಮಾಲ್ ಇನ್ಹೇಲರ್. ದಿನಕ್ಕೆ ನಾಲ್ಕು ಹೊತ್ತು, ಚಾಚೂ ತಪ್ಪದೆ ಎಳೆದರು. ಒಬ್ಬರ ಉಸಿರು ಸಲೀಸಾಯಿತು. ಇನ್ನೊಬ್ಬರಿಗೆ? ಮದ್ದು ಮುಟ್ಟದಿದ್ದಾಗಲೇ ವಾಸಿಯಿತ್ತು!

ಯಾಕೆ, ಹೇಳಿ ನೋಡೋಣ. ದೂಳೇ? ಚಳಿಯೇ? ಎಳೆದುಕೊಳ್ಳುವ ಕ್ರಮ ತಪ್ಪಿತೇ?

ಊಹೂಂ. ಒಂದು ಅಕ್ಷರ! ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳಲ್ಲಿ ಒಂದೇ ಒಂದು! ಕನ್ನಡದವರಾದ ನಮಗೆ ಇದು ಹೊಸದಲ್ಲ ಬಿಡಿ. ‘ಹಾಲು ತಂದೆ’ ಅನ್ನಲು ಹೋಗಿ ‘ಹಾಳು ತಂದೆ’ ಅಂದವರ ಪಾಡು ಗೊತ್ತಲ್ಲ!

ಆ ಅಕ್ಷರ ಎಲ್ಲಿದೆ? ಶ್ವಾಸನಾಳದ ಸ್ನಾಯುಕೋಶಗಳ ಮೈಮೇಲೆ ಬೀಟಾ-2 ಗ್ರಾಹಕಗಳಿವೆ. ಮನೆಬಾಗಿಲ ಕರೆಗಂಟೆಯಂತೆ! ಸಾಲ್ಬುಟಮಾಲ್ ಬಂದು ಗಂಟೆ ಒತ್ತಿತೋ, ಬಿಗಿದ ಸ್ನಾಯು ಸಡಿಲ. ಗಾಳಿಗೆ ದಾರಿ! ಈ ಗಂಟೆ 413 ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅದರ 16ನೇ ಮಣಿಯನ್ನು ನೋಡಿ. ಜೀನ್‌ನಲ್ಲಿ ‘ಎ’ ಅಕ್ಷರವಿದ್ದರೆ ಆರ್ಜಿನೈನ್. ಅದೇ ಜಾಗದಲ್ಲಿ ‘ಜಿ’ ಬಂದರೆ ಗ್ಲೈಸೀನ್. ಅಷ್ಟೇ ವ್ಯತ್ಯಾಸ!

ಅಮೆರಿಕದ ಸಂಶೋಧಕರು ಇದನ್ನು ಪಟ್ಟು ಹಿಡಿದು ಪರೀಕ್ಷಿಸಿದರು. ಫಲಿತಾಂಶ 2004ರ ‘ಲ್ಯಾನ್ಸೆಟ್’ನಲ್ಲಿ ಬಂತು. 78 ರೋಗಿಗಳು. ಕೆಲವರಿಗೆ ಅಪ್ಪನಿಂದಲೂ ಅಮ್ಮನಿಂದಲೂ ‘ಎ’, ಉಳಿದವರಿಗೆ ಎರಡೂ ಕಡೆಯಿಂದ ‘ಜಿ’. ಪ್ರತಿಯೊಬ್ಬರಿಗೂ 16 ವಾರ ನಿಜವಾದ ಮದ್ದು, 16 ವಾರ ಹುಸಿಮದ್ದು. ಯಾವಾಗ ಯಾವುದೆಂದು ಅವರಿಗೇ ತಿಳಿಯದು! ಬೆಳಿಗ್ಗೆ ಎದ್ದು ಮೀಟರ್‌ಗೆ ಜೋರಾಗಿ ಊದಬೇಕು.

‘ಜಿ’ ಜೋಡಿಯವರ ಊದುವ ಬಲ, ಹುಸಿಮದ್ದಿಗಿಂತ ನಿಜಮದ್ದಿನಲ್ಲಿ ನಿಮಿಷಕ್ಕೆ 14 ಲೀಟರ್ ಹೆಚ್ಚು. ‘ಎ’ ಜೋಡಿಯವರದು? ಊಹಿಸಿ! ಐದು ಲೀಟರ್? ಸೊನ್ನೆ?

10 ಲೀಟರ್ ಕಡಿಮೆ!

ಎರಡು ಗುಂಪುಗಳ ನಡುವೆ 24 ಲೀಟರಿನ ಕಂದಕ. ಒಂದು ಅಕ್ಷರ ತೋಡಿದ್ದು!

ಇನ್ಹೇಲರ್ ಎಸೆಯಲು ಎದ್ದಿರಾ? ಕೂತ್ಕೊಳ್ಳಿ! ಇದು ದಿನಾ ಹೊತ್ತುಹೊತ್ತಿಗೆ ಎಳೆಯುವವರ ಲೆಕ್ಕ, ಉಸಿರು ಕಟ್ಟಿದಾಗ ಎಳೆಯುವುದರದ್ದಲ್ಲ. ಮೇಲಾಗಿ, ಕತೆ ಇನ್ನೂ ಮುಗಿದಿಲ್ಲ.

2009ರಲ್ಲಿ ಮತ್ತೊಂದು ಪರೀಕ್ಷೆ ಹೊರಬಂತು. ಈ ಸಲ ಅದೇ ಗಂಟೆಯನ್ನು ಒತ್ತುವ, ಹೆಚ್ಚು ಹೊತ್ತು ಉಳಿಯುವ ಸಾಲ್ಮೆಟೆರಾಲ್. ಅದರ ಜೊತೆಗೆ ಎಳೆದುಕೊಳ್ಳುವ ಸ್ಟೆರಾಯ್ಡ್. ಬರೀ ಸ್ಟೆರಾಯ್ಡ್ ಎಳೆದಾಗಿನದಕ್ಕಿಂತ ಬೆಳಗಿನ ಊದು ಎಷ್ಟು ಏರಿತು ಗೊತ್ತೇ? ‘ಜಿ’ ಜೋಡಿಯವರಿಗೆ 21.5 ಲೀಟರ್. ‘ಎ’ ಜೋಡಿಯವರಿಗೆ?

21.4!

ಅಕ್ಷರ ಅಲ್ಲೇ ಕೂತಿದೆ, ಕದಲಿಲ್ಲ. ಆದರೆ 24 ಲೀಟರಿನ ಆ ಕಂದಕ ಎಲ್ಲಿ?